ಬೆಂಚಿನಲ್ಲಿ ಕೂತ ಮಗ: ಕ್ಲಬ್ ಕಾಯುತ್ತಿದೆಯೋ, ಮರೆತಿದೆಯೋ?

ಪ್ರಶ್ನೆ: ನಾವು ಮೂಡಿಗೆರೆ ಹತ್ತಿರದವರು. ನಾಲ್ಕು ಎಕರೆ ಕಾಫಿ ತೋಟ ಇದೆ. ಮಗನಿಗೆ 19 ವರ್ಷ. ಚಿಕ್ಕಮಗಳೂರಿನಲ್ಲಿ ಪಿಯುಸಿ ಓದುತ್ತಿದ್ದಾಗ ಅವನ ಆಟ ನೋಡಿ ಬೆಂಗಳೂರಿನ ಒಂದು ವೃತ್ತಿಪರ ಫುಟ್‌ಬಾಲ್ ಕ್ಲಬ್‌ನವರು ಕರೆದುಕೊಂಡರು. ಸೆಂಟರ್‌ಬ್ಯಾಕ್, ಅಂದರೆ ಗೋಲಿನ ಮುಂದೆ ರಕ್ಷಣೆಯ ನಡುವೆ ನಿಲ್ಲುವ ಜಾಗದಲ್ಲಿ ಆಡುತ್ತಾನೆ. ಮೂರು ವರ್ಷದ ಒಪ್ಪಂದದಲ್ಲಿ ಎರಡು ವರ್ಷ ಮುಗಿಯಿತು. ಮುಖ್ಯ ತಂಡದ ಜೊತೆ ಊರೂರಿಗೆ ಹೋಗುತ್ತಾನೆ, ಜೆರ್ಸಿ ಹಾಕಿಕೊಂಡು ಬೆಂಚಿನಲ್ಲಿ ಕೂರುತ್ತಾನೆ. ಎರಡು ಸೀಸನ್ ಸೇರಿ ಆಡಿದ್ದು 41 ನಿಮಿಷ. ಕೇಳಿದಾಗಲೆಲ್ಲ ಕೋಚ್ ‘ತಾಳ್ಮೆ ಇರಲಿ’ ಎನ್ನುತ್ತಾರಂತೆ. ಎಷ್ಟು ದಿನ ತಾಳಬೇಕು? ಬೇರೆ ಕ್ಲಬ್ ನೋಡಿಕೋ ಅನ್ನಬೇಕೋ, ಬಿಟ್ಟು ಬಂದು ಡಿಗ್ರಿ ಮುಗಿಸು ಅನ್ನಬೇಕೋ ತೋಚುತ್ತಿಲ್ಲ.

ಉತ್ತರ: 41 ನಿಮಿಷ ಎಂಬ ಲೆಕ್ಕವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಅದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮಗನನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಕಳೆದ ಸೀಸನ್ನಿನ ವಾರಗಳನ್ನು ಸಾಲಾಗಿ ಬರೆಯಿರಿ. ಪ್ರತಿ ವಾರದ ಎದುರು ಅವನು ಎಲ್ಲಿ, ಎಷ್ಟು ನಿಮಿಷ ಆಡಿದ ಎಂದು ತುಂಬಿಸಿ. ಮುಖ್ಯ ತಂಡ, ಕ್ಲಬ್ಬಿನ ರಿಸರ್ವ್ (ಎರಡನೇ) ತಂಡ, ನಗರದ ಲೀಗ್ ಆದ ಬೆಂಗಳೂರು ಸೂಪರ್ ಡಿವಿಷನ್, ಎಳೆಯರ ಡೆವಲಪ್‌ಮೆಂಟ್ ಲೀಗ್, ಎಲ್ಲವೂ ಬರಲಿ. ಅಭ್ಯಾಸ ಪಂದ್ಯ ಬೇಡ. ಪಾಯಿಂಟು, ಎದುರಾಳಿ, ರೆಫರಿ ಇರುವ ಪಂದ್ಯಗಳು ಮಾತ್ರ.

18ರಿಂದ 20 ವರ್ಷದ ಆಟಗಾರ ಒಂದು ಸೀಸನ್ನಿನಲ್ಲಿ ಎಲ್ಲಾದರೂ ಸರಿ, 1,500ರಿಂದ 2,000 ನಿಮಿಷ ಸ್ಪರ್ಧಾತ್ಮಕ ಪಂದ್ಯ ಆಡಿರಬೇಕು ಎಂಬುದು ನನ್ನ ಅಳತೆ. 20 ಪೂರ್ತಿ ಪಂದ್ಯ ಆಡಿದರೆ 1,800 ನಿಮಿಷ ಆಗುತ್ತದೆ. ನಿಮ್ಮ ಹಾಳೆಯ ಮೊತ್ತ ಇದರ ಹತ್ತಿರ ಬಂದರೆ, ಮುಖ್ಯ ತಂಡದಲ್ಲಿ 41 ನಿಮಿಷವಷ್ಟೇ ಸಿಕ್ಕಿದ್ದರೂ ಕ್ಲಬ್ ಅವನನ್ನು ಬೆಳೆಸುತ್ತಿದೆ, ನಿಶ್ಚಿಂತೆಯಿಂದ ಇನ್ನೊಂದು ವರ್ಷ ಬಿಡಿ. ಮೊತ್ತ 500 ದಾಟಿಲ್ಲವೆಂದರೆ, ಕೋಚ್ ಎಷ್ಟೇ ಪ್ರೀತಿಯಿಂದ ಮಾತಾಡಿದರೂ, ನಿಮ್ಮ ಮಗ ನಿಂತಲ್ಲೇ ನಿಂತಿದ್ದಾನೆ. ‘ತಾಳ್ಮೆ’ ಎಂಬ ಮಾತನ್ನು ಕೋಚ್‌ಗಳು ಎರಡೂ ಸಂದರ್ಭಕ್ಕೆ ಬಳಸುತ್ತಾರೆ. ಯಾವುದು ಯಾವುದೆಂದು ತೋರಿಸುವುದು ಆ ಹಾಳೆ.

ಸೆಂಟರ್‌ಬ್ಯಾಕ್‌ಗೆ ಬೆಂಚು ಬೇರೆಯವರಿಗಿಂತ ದುಬಾರಿ. ಒಂದು ಪಂದ್ಯದಲ್ಲಿ ಐದು ಬದಲಿ ಆಟಗಾರರನ್ನು ಇಳಿಸುವ ಅವಕಾಶ ಕೋವಿಡ್ ಕಾಲದಲ್ಲಿ, 2020ರಲ್ಲಿ, ತಾತ್ಕಾಲಿಕವಾಗಿ ಬಂತು. 2022ರಲ್ಲಿ ಅದು ಕಾಯಂ ನಿಯಮವಾಯಿತು. ಹುಡುಗರಿಗೆ ಇದರಿಂದ ನಿಜಕ್ಕೂ ಅನುಕೂಲವಾಗಿದೆ, ಆದರೆ ಲಾಭ ಹೆಚ್ಚಾಗಿ ಹೋದದ್ದು ವಿಂಗರ್, ಸ್ಟ್ರೈಕರ್, ಮಿಡ್‌ಫೀಲ್ಡರ್‌ಗಳಿಗೆ. ಕೊನೆಯ 20 ನಿಮಿಷಕ್ಕೆ ವಿಂಗರ್‌ನನ್ನು ಇಳಿಸಿದರೆ ದಣಿದ ಎದುರಾಳಿಯ ಮುಂದೆ ಹೊಸ ಕಾಲು ಬಂದಂತೆ. ಅವನು ನಾಲ್ಕು ಸಲ ಚೆಂಡು ಕಳೆದುಕೊಂಡರೂ ತಂಡ ಮುಳುಗುವುದಿಲ್ಲ. ಸೆಂಟರ್‌ಬ್ಯಾಕ್ ಜೋಡಿಯನ್ನು ಮಾತ್ರ ಗಾಯವಾಗದೆ, ಕೆಂಪು ಕಾರ್ಡ್ ಬೀಳದೆ ಯಾರೂ ಮುಟ್ಟುವುದಿಲ್ಲ. ಅಲ್ಲಿ ಒಂದು ತಪ್ಪೆಂದರೆ ಒಂದು ಗೋಲು. ಹಾಗಾಗಿ 19ರ ಸೆಂಟರ್‌ಬ್ಯಾಕ್ ಬೆಂಚಿನಿಂದ ಎದ್ದು ಮೈದಾನಕ್ಕಿಳಿಯುವ ಸಂಭವವೇ ಕಡಿಮೆ. 41 ನಿಮಿಷ ಎಂಬುದು ಅವನ ಆಟದ ಮೇಲಿನ ತೀರ್ಪು ಎಂದು ತಿಳಿಯಬೇಡಿ.

ನಷ್ಟ ಆಗುವುದು ಬೇರೆ ಕಡೆ. ಮುಖ್ಯ ತಂಡದ ಜೊತೆ ವಿಮಾನ ಹತ್ತಿ ಹೋದ ಶನಿವಾರವೇ ಬೆಂಗಳೂರಿನಲ್ಲಿ ರಿಸರ್ವ್ ತಂಡದ ಪಂದ್ಯ ನಡೆದಿರುತ್ತದೆ. ಅಲ್ಲಿ ಅವನು 90 ನಿಮಿಷ ಆಡಬಹುದಿತ್ತು. ಹುಡುಗನಿಗೂ ಊರಿನವರಿಗೂ ಬೆಂಚಿನ ಜೆರ್ಸಿಯೇ ದೊಡ್ಡದಾಗಿ ಕಾಣುತ್ತದೆ, ಫೋಟೊ ಬರುತ್ತದೆ, ಟಿವಿಯಲ್ಲಿ ಮುಖ ಕಾಣುತ್ತದೆ. ಇಂಥ ಹತ್ತು ಶನಿವಾರ ಹೋದರೆ 900 ನಿಮಿಷ ಹೋಯಿತು. ಒಳ್ಳೆಯ ಕ್ಲಬ್‌ಗಳು ಎಳೆಯ ಡಿಫೆಂಡರ್‌ನನ್ನು ವಾರವಿಡೀ ಮುಖ್ಯ ತಂಡದ ಜೊತೆ ಅಭ್ಯಾಸ ಮಾಡಿಸಿ, ಪಂದ್ಯದ ದಿನ ರಿಸರ್ವ್‌ಗೆ ಕಳಿಸುತ್ತವೆ. ಇದನ್ನು ಹಿಂಬಡ್ತಿ ಎಂದುಕೊಳ್ಳಬೇಡಿ. ನಿಮ್ಮ ಮಗನೂ ಹಾಗೆಂದುಕೊಳ್ಳದಂತೆ ನೋಡಿಕೊಳ್ಳಿ.

ದೇಹದ ಲೆಕ್ಕವೂ ಇದೆ. ಸೆಂಟರ್‌ಬ್ಯಾಕ್ ಒಂದು ಪಂದ್ಯದಲ್ಲಿ ಸುಮಾರು 9ರಿಂದ 10 ಕಿ.ಮೀ. ಓಡುತ್ತಾನೆ. ಅದರಲ್ಲಿ ಪೂರ್ತಿ ವೇಗದ ಓಟ ಕೆಲವೇ ನೂರು ಮೀಟರ್, ಆದರೆ ಗಾಯ ತರುವುದೂ ಗಾಯದಿಂದ ಕಾಯುವುದೂ ಆ ಓಟವೇ. ವಾರದ ಅಭ್ಯಾಸ ಪಂದ್ಯ ಆಡುವ ಹನ್ನೊಂದು ಜನರಿಗೆ ಹೊಂದಿಸಿದ್ದಾಗಿರುತ್ತದೆ: ಪಂದ್ಯಕ್ಕೆ ಎರಡು ದಿನ ಮುಂಚೆ ಹಗುರ, ಮರುದಿನ ವಿಶ್ರಾಂತಿ. ಬೆಂಚಿನವನೂ ಅದೇ ವೇಳಾಪಟ್ಟಿ ಹಿಡಿದರೆ ಹಗುರವೂ ಸಿಕ್ಕಿತು, ವಿಶ್ರಾಂತಿಯೂ ಸಿಕ್ಕಿತು, ನಡುವಿನ ಪಂದ್ಯ ಮಾತ್ರ ಸಿಗಲಿಲ್ಲ. ಎರಡು ತಿಂಗಳು ಹೀಗೇ ನಡೆದು, ಒಂದು ದಿನ ಹಿರಿಯನಿಗೆ ಗಾಯವಾಗಿ ಹುಡುಗನನ್ನು ಏಕಾಏಕಿ ಇಳಿಸಿದಾಗ, 60ನೇ ನಿಮಿಷದ ಹೊತ್ತಿಗೆ ತೊಡೆಯ ಹಿಂಭಾಗ ಹಿಡಿದುಕೊಂಡು ಕೂರುತ್ತಾನೆ. ‘ಅವನಿಗೆ ಈ ಮಟ್ಟದ ಶಕ್ತಿ ಇಲ್ಲ’ ಎಂಬ ಮಾತು ಹುಟ್ಟುವುದು ಅಲ್ಲಿಂದ. ಶಕ್ತಿ ಇಲ್ಲದೆ ಅಲ್ಲ, ಆ ಓಟ ಎರಡು ತಿಂಗಳಿಂದ ಅವನ ಕಾಲಿಗೆ ಬಿದ್ದೇ ಇಲ್ಲ.

ಇದಕ್ಕೆ ಪರಿಹಾರ ಸರಳ. ಆಡದೆ ಉಳಿದವರಿಗೆ ಪಂದ್ಯ ಮುಗಿದ ಕೂಡಲೇ ಅದೇ ಮೈದಾನದಲ್ಲಿ, ಅದಾಗದಿದ್ದರೆ ಮರುದಿನ ಬೆಳಿಗ್ಗೆ, ಭರ್ತಿ ಅಭ್ಯಾಸ ಮಾಡಿಸಬೇಕು. ಸುಮಾರು 40 ಮೀಟರ್ ಉದ್ದ, 30 ಮೀಟರ್ ಅಗಲದಲ್ಲಿ ನಾಲ್ವರ ಮೇಲೆ ನಾಲ್ವರು, ನಾಲ್ಕು ನಿಮಿಷದ ನಾಲ್ಕು ಸುತ್ತು, ನಡುವೆ ಎರಡು ನಿಮಿಷ ಬಿಡುವು. ಆಮೇಲೆ 60 ಮೀಟರ್‌ನ ಎಂಟು ಓಟ, ಪೂರ್ತಿ ವೇಗಕ್ಕಿಂತ ತುಸು ಕಡಿಮೆ, ನಡೆದು ವಾಪಸ್. ಒಟ್ಟು ಮುಕ್ಕಾಲು ಗಂಟೆಯ ಕೆಲಸ. ನಿಮ್ಮ ಮಗನನ್ನು ಕೇಳಿ: ಆಡದ ಪಂದ್ಯದ ಮರುದಿನ ನಿನಗೆ ಏನು ಮಾಡಿಸುತ್ತಾರೆ? ‘ಸೈಕಲ್ ತುಳಿಸಿ, ಮೈ ಸಡಿಲಿಸಿ ಕಳಿಸುತ್ತಾರೆ’ ಎಂದರೆ ಅವನಿಗಾಗಿ ಯಾರೂ ಯೋಚನೆ ಮಾಡಿಲ್ಲ.

ಈಗ ವಯಸ್ಸಿನ ಮಾತು. 19 ಸೆಂಟರ್‌ಬ್ಯಾಕ್‌ಗೆ ಚಿಕ್ಕ ವಯಸ್ಸು. ಗೋಲ್‌ಕೀಪರ್ ಬಿಟ್ಟರೆ ತಡವಾಗಿ ಮಾಗುವ ಜಾಗ ಅದೇ. ಮುಂದೆ ಆಡುವವರ ಕಥೆ ಬೇರೆ: ಬೆಂಗಳೂರು ಎಫ್‌ಸಿಯ ಶಿವಶಕ್ತಿ ನಾರಾಯಣನ್‌ಗೆ 2022–23ರ ಐಎಸ್‌ಎಲ್‌ನ (ಇಂಡಿಯನ್ ಸೂಪರ್ ಲೀಗ್) ಉದಯೋನ್ಮುಖ ಆಟಗಾರ ಪ್ರಶಸ್ತಿ ಬಂದಾಗ 21 ವರ್ಷ. ಅದೇ ಕ್ಲಬ್ಬಿನ ಡಿಫೆಂಡರ್ ರಾಹುಲ್ ಭೆಕೆ 2019ರ ಮಾರ್ಚ್‌ನ ಐಎಸ್‌ಎಲ್ ಫೈನಲ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ತಲೆ ಕೊಟ್ಟು ಗೋಲು ಹೊಡೆದು ಕಪ್ ತಂದುಕೊಟ್ಟರು. ಅವರು ಭಾರತ ತಂಡಕ್ಕೆ ಮೊದಲ ಬಾರಿ ಆಡಿದ್ದು ಅದೇ ವರ್ಷ, 28ನೇ ವಯಸ್ಸಿನಲ್ಲಿ.

ಬೆಂಚನ್ನು ನೋಡಿ ಭವಿಷ್ಯ ಹೇಳಲಾಗದು ಎಂಬುದಕ್ಕೆ ಒಂದು ಚಿತ್ರ ಸಾಕು. 2013ರ ಮೇನಲ್ಲಿ ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗ್‌ನ ಪ್ಲೇಆಫ್‌ನಲ್ಲಿ ಲೆಸ್ಟರ್ ಸಿಟಿ ತಂಡದ ಬೆಂಚಿನಲ್ಲಿ ಇಬ್ಬರು ಸ್ಟ್ರೈಕರ್‌ಗಳು ಕೂತಿದ್ದರು. ಒಬ್ಬ ಟಾಟನಂ ಕ್ಲಬ್ಬಿನಿಂದ ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಎರವಲಾಗಿ ಬಂದ 19ರ ಹ್ಯಾರಿ ಕೇನ್, ಇನ್ನೊಬ್ಬ 26ರ ಜೇಮಿ ವಾರ್ಡಿ. ಮೂರು ವರ್ಷ ಕಳೆದು, 2015–16ರ ಪ್ರೀಮಿಯರ್ ಲೀಗ್‌ನಲ್ಲಿ ಕೇನ್ 25 ಗೋಲು ಹೊಡೆದು ಮೊದಲಿಗ, ವಾರ್ಡಿ 24 ಗೋಲು ಹೊಡೆದು ಚಾಂಪಿಯನ್ ತಂಡದ ಆಟಗಾರ. ಆದರೆ ಇದರಲ್ಲಿ ಮರೆಯಬಾರದ ಸಂಗತಿಯೂ ಇದೆ. ಕೇನ್ ಆ ವಯಸ್ಸಿಗಾಗಲೇ ಲೇಟನ್ ಓರಿಯಂಟ್, ಮಿಲ್‌ವಾಲ್, ನಾರ್ವಿಚ್ ಎಂದು ಮೂರು ಕಡೆ ಲೋನ್ ಮುಗಿಸಿ ನಾಲ್ಕನೆಯದಕ್ಕೆ ಬಂದಿದ್ದರು. ಟಾಟನಂ ಅವರನ್ನು ಸುಮ್ಮನೆ ಕೂರಿಸಿಕೊಂಡು ಕಾಯಲಿಲ್ಲ, ಊರೂರಿಗೆ ಕಳಿಸಿ ಆಡಿಸುತ್ತ ಕಾಯಿತು.

ಬೇಗ ಇಳಿಸಿ ಕೆಡಿಸುವ ಅಪಾಯವೂ ಅಷ್ಟೇ ನಿಜ. ಸ್ಪೇನ್‌ನ ಪೆಡ್ರಿ 18ನೇ ವಯಸ್ಸಿನಲ್ಲಿ, 2020–21ರ ಒಂದೇ ಸೀಸನ್ನಿನಲ್ಲಿ, ಒಲಿಂಪಿಕ್ಸ್ ಸೇರಿ 73 ಪಂದ್ಯ ಆಡಿದರು. ಮುಂದಿನ ಸೀಸನ್ನಿನ ಬಹುಭಾಗ ತೊಡೆಯ ಗಾಯದಿಂದ ಹೊರಗುಳಿದರು. ಈ ಭಾಗದ ತೋಟದವರಿಗೆ ಇದನ್ನು ವಿವರಿಸಬೇಕಿಲ್ಲ. ಎಳೆಯ ಅರೇಬಿಕಾ ಗಿಡ ಚೊಚ್ಚಲಿಗೇ ರೆಕ್ಕೆ (ಕೊಂಬೆ) ತುಂಬ ಕಾಯಿ ಹಿಡಿದರೆ ಎಲೆ ಉದುರಿ, ರೆಕ್ಕೆ ತುದಿಯಿಂದ ಒಣಗುತ್ತ ಬರುತ್ತದೆ. ಆ ಗಿಡ ಚೇತರಿಸಿಕೊಳ್ಳಲು ವರ್ಷಗಳು ಬೇಕು. ಹುಡುಗರ ದೇಹದಲ್ಲೂ ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಎಲುಬಿಗೆ ಕಟ್ಟಿರುವ ಸ್ನಾಯುರಜ್ಜು ನಿಧಾನ. 19ರಲ್ಲಿ ಎತ್ತರ ನಿಂತಿರುತ್ತದೆ, ಒಳಗಿನ ಗಟ್ಟಿತನ ಇನ್ನೂ ಬರುತ್ತಿರುತ್ತದೆ. ಬೆನ್ನಿನ ಕೆಳಭಾಗದಲ್ಲಿ, ಮುಂದಕ್ಕೆ ಬಾಗಿದಾಗ ಅಲ್ಲ, ಹಿಂದಕ್ಕೆ ಬಗ್ಗಿದಾಗ ನೋವು ಬಂದು ಎರಡು ವಾರ ದಾಟಿದರೆ ಉಳುಕು ಎಂದು ಎಣ್ಣೆ ತಿಕ್ಕಿಸಬೇಡಿ, ಕ್ಲಬ್ಬಿನ ವೈದ್ಯರಿಂದ ಸ್ಕ್ಯಾನ್ ಮಾಡಿಸಲು ಹೇಳಿ. ಈ ವಯಸ್ಸಿನ ಆಟಗಾರರಲ್ಲಿ ಬೆನ್ನುಮೂಳೆಯ ಸಣ್ಣ ಬಿರುಕು ಅಪರೂಪವಲ್ಲ.

ತಪ್ಪು ಮಾಡಿದ ಹುಡುಗನ ಜೊತೆ ಕೋಚ್ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ನಾನು ಎಲ್ಲಕ್ಕಿಂತ ಹೆಚ್ಚು ಗಮನಿಸುತ್ತೇನೆ. ಎಳೆಯ ಸೆಂಟರ್‌ಬ್ಯಾಕ್‌ನ ಮಾಮೂಲಿ ತಪ್ಪು ಇದು: ಎದುರಾಳಿ ಸ್ಟ್ರೈಕರ್ ಚೆಂಡು ಬರುವ ಮೊದಲೇ ಬೆನ್ನು ಒತ್ತಿ ಇವನನ್ನು ಅರ್ಧ ಹೆಜ್ಜೆ ಹಿಂದೆ ಸರಿಸುತ್ತಾನೆ. ಜೂನಿಯರ್ ಆಟದಲ್ಲಿ ಹುಡುಗ ಇದನ್ನು ಕಂಡೇ ಇರುವುದಿಲ್ಲ. ತಳ್ಳಲು ಹೋಗಿ ಫೌಲ್ ಮಾಡುತ್ತಾನೆ, ಇಲ್ಲವೇ ಮುಂದೆ ನುಗ್ಗಿ ಚೆಂಡು ತಪ್ಪಿಸಿಕೊಂಡು ಹಿಂದೆ ಬಯಲು ಬಿಡುತ್ತಾನೆ. ಗೋಲಾಗುತ್ತದೆ. ಮುಂದಿನ ಪಂದ್ಯಕ್ಕೆ ಅವನನ್ನು ಕೈಬಿಟ್ಟರೆ, ಮತ್ತೆ ಅವಕಾಶ ಸಿಕ್ಕಾಗ ಅವನು ಸೆಣಸಾಡುವ ಗೋಜಿಗೇ ಹೋಗದೆ ಹಿಂದೆ ಹಿಂದೆ ಸರಿಯುತ್ತಾನೆ, ಚೆಂಡು ಕಾಲಿಗೆ ಬಂದ ತಕ್ಷಣ ದೂರ ಒದೆಯುತ್ತಾನೆ. ಹೊರಗಿನಿಂದ ನೋಡುವವರಿಗೆ ಸುರಕ್ಷಿತ ಆಟ, ಆದರೆ ಅಲ್ಲಿಗೆ ಕಲಿಕೆ ಮುಗಿಯಿತು. ತಪ್ಪು ಮಾಡಿದ ಮೇಲೆ ಕನಿಷ್ಠ ಮುಂದಿನ ಒಂದು ಪಂದ್ಯ ಅವನಿಗೇ ಕೊಡಬೇಕು. ಮಧ್ಯದಲ್ಲಿ ಹತ್ತು ನಿಮಿಷ ಕೂರಿಸಿ, ಆ ಗೋಲಿನ ವಿಡಿಯೊ ಒಂದು ಸಲ ತೋರಿಸಿ, ಅವನು ಸರಿಯಾಗಿ ತಡೆದ ಮೂರು ಸಂದರ್ಭಗಳನ್ನೂ ಜೊತೆಗೆ ತೋರಿಸಬೇಕು. ಅಭ್ಯಾಸದಲ್ಲಿ ಅದೇ ಸನ್ನಿವೇಶವನ್ನು, ಬೆನ್ನು ಒತ್ತುವ ಹಿರಿಯ ಸ್ಟ್ರೈಕರ್‌ನನ್ನೇ ನಿಲ್ಲಿಸಿ, ದಿನಕ್ಕೆ ಹನ್ನೆರಡು ಹದಿನೈದು ಸಲ ಆಡಿಸಬೇಕು: ಮುಂಗೈ ಅವನ ಸೊಂಟದ ಮೇಲೆ, ಒಂದು ತೋಳಿನ ಅಂತರ, ಚೆಂಡು ಅವನ ಕಾಲು ಮುಟ್ಟುವ ಹೊತ್ತಿಗೆ ಹೆಜ್ಜೆ. ಮೂರು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ.

ನೀವೇ ಒಮ್ಮೆ ಹೋಗಿ ನೋಡಿ. ಮೂಡಿಗೆರೆಯಿಂದ ಸುಮಾರು 250 ಕಿ.ಮೀ., ರಾತ್ರಿ ಬಸ್ಸಿಗೆ ಹೊರಟರೆ ಬೆಳಿಗ್ಗೆ ಬೆಂಗಳೂರು. ಮುಖ್ಯ ತಂಡದ ದೊಡ್ಡ ಪಂದ್ಯ ಬೇಡ, ಅವನು 90 ನಿಮಿಷ ಆಡುವ ರಿಸರ್ವ್ ಪಂದ್ಯ ಆರಿಸಿಕೊಳ್ಳಿ. ಹತ್ತು ನಿಮಿಷ ಚೆಂಡು ನೋಡದೆ ಅವನನ್ನೇ ನೋಡಿ. ಚೆಂಡು ದೂರವಿದ್ದಾಗ ಹೆಗಲ ಮೇಲಿಂದ ಹಿಂದಕ್ಕೆ ಎಷ್ಟು ಸಲ ನೋಡುತ್ತಾನೆ? ಪಕ್ಕದ ಜೊತೆಗಾರನಿಂದ ಹತ್ತು ಮೀಟರ್ ಆಸುಪಾಸಿನಲ್ಲಿ ಉಳಿಯುತ್ತಾನೋ, ದೂರ ಹೋಗಿಬಿಡುತ್ತಾನೋ? ಬಾಯಿ ಬಿಟ್ಟು ಕೂಗಿ ಹೇಳುತ್ತಾನೋ? ಮೊದಲ ಸ್ಪರ್ಶ ಮುಂದಕ್ಕೋ, ಹಿಂದಕ್ಕೋ? ಆರು ತಿಂಗಳು ಬಿಟ್ಟು ಮತ್ತೊಮ್ಮೆ ಇವೇ ನಾಲ್ಕನ್ನು ನೋಡಿ. ಬೆಳೆಯುತ್ತಿದ್ದಾನೋ ಇಲ್ಲವೋ ಎಂಬುದು ಯಾರ ಮಾತೂ ಬೇಕಿಲ್ಲದೆ ಗೊತ್ತಾಗುತ್ತದೆ.

ಕ್ಲಬ್ ಜೊತೆ ಮಾತಾಡುವುದು ಹೇಗೆ? ಪಂದ್ಯದ ದಿನ, ಸೋತ ಮರುದಿನ ಬೇಡ. ಸೀಸನ್ ಮುಗಿದ ಎರಡು ವಾರದೊಳಗೆ ಸಮಯ ಕೇಳಿ. ಮಗ ಮಾತಾಡಲಿ, ನೀವು ಪಕ್ಕದಲ್ಲಿರಿ. ‘ಯಾಕೆ ಆಡಿಸಲಿಲ್ಲ’ ಎಂದು ಶುರು ಮಾಡಿದರೆ ಕೋಚ್ ಸಮರ್ಥನೆಗೆ ಇಳಿಯುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಮುಂದಿನ ಸೀಸನ್ನಿನಲ್ಲಿ ಯಾವ ತಂಡದಲ್ಲಿ ಎಷ್ಟು ಪಂದ್ಯ ಆಡಿಸುವ ಯೋಚನೆಯಿದೆ, ಸೆಂಟರ್‌ಬ್ಯಾಕ್ ಸಾಲಿನಲ್ಲಿ ಅವನು ಎಷ್ಟನೆಯವನು, ಮುಂದಿನ ಎಂಟು ವಾರದಲ್ಲಿ ಸುಧಾರಿಸಬೇಕಾದ ಎರಡು ಮೂರು ಅಂಶ ಯಾವುವು, ಅದನ್ನು ನೋಡಿಕೊಳ್ಳುವ ಕೋಚ್ ಯಾರು, ಇವಿಷ್ಟು ಕೇಳಿ. ಹೆಸರು, ಸಂಖ್ಯೆ, ತಿಂಗಳು ಇರುವ ಉತ್ತರ ಬಂದರೆ ಅದು ಯೋಜನೆ. ‘ಅವನು ನಮ್ಮ ಭವಿಷ್ಯ, ಅವನ ಸಮಯ ಬರುತ್ತದೆ’ ಎಂಬಷ್ಟೇ ಬಂದರೆ ನಗುತ್ತ ಧನ್ಯವಾದ ಹೇಳಿ, ಲೋನ್ ಮಾತು ಎತ್ತಿ.

ಹಾಳೆಯ ಮೊತ್ತ ಕಡಿಮೆಯಿದ್ದರೆ, ಅವನ ಮಟ್ಟಿಗೆ ಮೂರನೇ ವರ್ಷ ಲೋನ್ ಸರಿಯಾದ ದಾರಿ ಎಂದು ನನಗನ್ನಿಸುತ್ತದೆ. ಆದರೆ ದೊಡ್ಡ ಹೆಸರಿನ ಕ್ಲಬ್ಬಿಗೆ ಹೋಗಿ ಅಲ್ಲೂ ಬೆಂಚು ಹಿಡಿದರೆ ಪ್ರಯೋಜನವಿಲ್ಲ. ಒಂದು ಮೆಟ್ಟಿಲು ಕೆಳಗಿನ ಲೀಗ್‌ನಲ್ಲಿ, ಸೆಂಟರ್‌ಬ್ಯಾಕ್ ಕೊರತೆಯಿರುವ, ಕೋಚ್ ಸ್ವತಃ ಇವನನ್ನು ಬೇಕೆಂದ ತಂಡ ಹುಡುಕಿ. ಲೋನ್ ಕಾಗದದಲ್ಲಿ ಸಂಬಳ ಯಾರು ಕೊಡುತ್ತಾರೆ, ಗಾಯವಾದರೆ ಚಿಕಿತ್ಸೆ ಯಾರದು, ಆಡಿಸದಿದ್ದರೆ ಮಧ್ಯದಲ್ಲಿ ಹಿಂದೆ ಕರೆಸಿಕೊಳ್ಳುವ ಷರತ್ತು ಇದೆಯೋ, ಇವು ಮೂರೂ ಬರವಣಿಗೆಯಲ್ಲಿರಲಿ. ಒಂದೇ ಸೀಸನ್ನಿನಲ್ಲಿ ಆಟಗಾರ ಮೂರು ಕ್ಲಬ್‌ಗಳಲ್ಲಿ ನೋಂದಣಿ ಮಾಡಿಸಬಹುದಾದರೂ, ಅಧಿಕೃತ ಪಂದ್ಯ ಆಡಬಹುದಾದ್ದು ಸಾಮಾನ್ಯವಾಗಿ ಎರಡು ಕ್ಲಬ್‌ಗಳ ಪರವಾಗಿ ಮಾತ್ರ ಎಂಬುದು ಫಿಫಾ ನಿಯಮ. ಹಾಗಾಗಿ ಸೀಸನ್ನಿನ ಆರಂಭದಲ್ಲಿ ಮೂಲ ಕ್ಲಬ್‌ಗೆ ಐದು ನಿಮಿಷ ಆಡಿದ್ದೂ ಲೆಕ್ಕಕ್ಕೆ ಬರುತ್ತದೆ. ನೋಂದಣಿ ಅವಧಿ ಮುಗಿಯುವ ಕೊನೆಯ ವಾರಕ್ಕೆ ಬಿಟ್ಟರೆ ಉಳಿದ ತಂಡ ಸಿಗುತ್ತದೆಯೇ ಹೊರತು ಬೇಕಾದ ತಂಡವಲ್ಲ. ಒಂದು ತಿಂಗಳು ಮೊದಲೇ ಮಾತು ಮುಗಿಸಿ.

ಇನ್ನೊಂದು ಮಾತು ಊರಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ: ಹತ್ತರಲ್ಲಿ ಒಂದು ಪಾಲು ಪಂದ್ಯವನ್ನೂ ಆಡಿಸದಿದ್ದರೆ ಒಪ್ಪಂದ ಮುರಿದು ಬರಬಹುದು ಎಂದು. ಅಂಥ ನಿಯಮ ಇರುವುದು ನಿಜ. ಆದರೆ ಅದು ನೆಲೆ ನಿಂತ ವೃತ್ತಿಪರ ಆಟಗಾರರಿಗೆ, ಇನ್ನೂ ಬೆಳೆಯುವ ಹಂತದಲ್ಲಿರುವ ಹುಡುಗನಿಗೆ ಅದನ್ನು ನೆಚ್ಚಿಕೊಂಡು ಹೊರಬರಲಾಗದು. ವಕೀಲರನ್ನು ಕಾಣದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ, ಕ್ಲಬ್ ಬಿಟ್ಟು ಬರಲೂಬೇಡಿ. ಈ ಸೀಸನ್ನಿನಲ್ಲೇ ಒಪ್ಪಂದ ಮುಂದುವರಿಸಲು ಕರೆದರೆ, ಪಂದ್ಯಗಳ ಯೋಜನೆ ಕೈಗೆ ಬರುವವರೆಗೆ ಉದ್ದದ ಒಪ್ಪಂದ ಬೇಡ.

ಮನೆಯಿಂದ ಆಗಬೇಕಾದ್ದು ಫೋನಿನಲ್ಲಿದೆ. ಪಂದ್ಯದ ರಾತ್ರಿ ‘ಇವತ್ತಾದ್ರೂ ಆಡಿಸಿದ್ರಾ?’ ಎಂದು ಕೇಳುವುದು ನಿಮ್ಮ ಪ್ರೀತಿಯೇ. ಆದರೆ ಆ ಕಡೆ ಹಾಸ್ಟೆಲ್ ಮಂಚದ ಮೇಲೆ ಕೂತವನಿಗೆ ಅದು ಸೋಲಿನ ಲೆಕ್ಕ ಒಪ್ಪಿಸಿದಂತೆ ಆಗುತ್ತದೆ. ‘ಊಟ ಆಯ್ತಾ, ನಾಳೆ ಎಷ್ಟು ಗಂಟೆಗೆ ಪ್ರಾಕ್ಟೀಸು, ಈ ವಾರ ಏನು ಹೊಸದು ಕಲಿತೆ’ ಎಂದರೆ ಸಾಕು. ಆಡಿದ ದಿನ ಅವನೇ ಮೊದಲು ಫೋನ್ ಮಾಡುತ್ತಾನೆ. ಊರಿನವರ ಪ್ರಶ್ನೆ ನಿಮ್ಮಲ್ಲೇ ನಿಲ್ಲಲಿ, ಅವನವರೆಗೆ ಹೋಗುವುದು ಬೇಡ.

ರಜೆಗೆ ಊರಿಗೆ ಬಂದಾಗ ಮಳೆ ಹಿಡಿದಿರಬಹುದು. ಮೊದಲ ಎರಡು ವಾರ ಓಟ ಬೇಡ, ನಿದ್ದೆ ಮಾಡಲಿ, ತೋಟದಲ್ಲಿ ನಡೆಯಲಿ. ಆಮೇಲೆ ವಾರಕ್ಕೆ ಮೂರು ಓಟ, ಎರಡು ದಿನ ತೂಕದ ವ್ಯಾಯಾಮ. ನಮ್ಮ ಕಡೆಯ ಇಳಿಜಾರು ರಸ್ತೆಯಲ್ಲಿ ಹತ್ತುವುದು ಒಳ್ಳೆಯದು, ಇಳಿಯುವಾಗ ನಡೆಯಬೇಕು. ಇಳಿಜಾರಿನಲ್ಲಿ ಓಡಿದರೆ ಮಂಡಿ, ಮುಂಗಾಲೆಲುಬಿಗೆ ಪೆಟ್ಟು. ಕಾಫಿ ಒಣಗಿಸುವ ಕಣ ಆ ತಿಂಗಳುಗಳಲ್ಲಿ ಖಾಲಿ ಬಿದ್ದಿರುತ್ತದೆ, ಕರೆಯುತ್ತದೆ. ಆದರೆ ಪಾಚಿ ಹಿಡಿದ ಸಿಮೆಂಟಿನ ಮೇಲೆ ಒಮ್ಮೆ ಜಾರಿದರೆ ಸೀಸನ್ ಹೋದಂತೆ. ಗೋದಾಮಿನ ಗೋಡೆ ಇದೆಯಲ್ಲ, ಸೂರಿನ ಕೆಳಗೆ ಆರು ಮೀಟರ್ ದೂರ ನಿಂತು ಬಲಗಾಲಿನಲ್ಲಿ 100, ಎಡಗಾಲಿನಲ್ಲಿ 150 ಪಾಸ್, ಪ್ರತಿ ಪಾಸಿಗೂ ಮುನ್ನ ಹೆಗಲ ಮೇಲಿಂದ ಹಿಂದೆ ಒಂದು ನೋಟ. ಫಿಫಾದ ‘11+’ ಎಂಬ 20 ನಿಮಿಷದ ಮೈಕಾಯಿಸುವ ಕ್ರಮ ಅವನಿಗೆ ಗೊತ್ತಿರುತ್ತದೆ, ಅದನ್ನು ವಾರಕ್ಕೆ ಎರಡು ಸಲವಾದರೂ ಬಿಡದೆ ಮಾಡಲಿ. ತೊಡೆಯ ಹಿಂಭಾಗದ ಗಾಯ ತಡೆಯಲು ಅದಕ್ಕಿಂತ ಅಗ್ಗದ ಉಪಾಯವಿಲ್ಲ.

ಡಿಗ್ರಿಯ ಪ್ರಶ್ನೆಗೆ, ಬಿಟ್ಟು ಬರಬೇಕಾಗಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಇಲ್ಲವೇ ಬಿ.ಕಾಂ.ಗೆ ದೂರಶಿಕ್ಷಣದಲ್ಲಿ ಸೇರಿಸಿ. ಬೆಳಿಗ್ಗೆ ಅಭ್ಯಾಸ ಮುಗಿದ ಮೇಲೆ ವೃತ್ತಿಪರ ಆಟಗಾರನಿಗೆ ಮಧ್ಯಾಹ್ನ ಖಾಲಿ ಇರುತ್ತದೆ, ಆ ಹೊತ್ತು ಬಹುಮಟ್ಟಿಗೆ ಮೊಬೈಲ್‌ಗೆ ಹೋಗುತ್ತದೆ. ಈ ವರ್ಷದ ಪ್ರವೇಶ ಅರ್ಜಿಯನ್ನೂ ನಿಮಿಷಗಳ ಹಾಳೆಯನ್ನೂ ಒಟ್ಟಿಗೇ ತುಂಬಿಸಿ. ಮುಂದಿನ ಸೀಸನ್ ಮುಗಿಯುವ ಹೊತ್ತಿಗೂ ಆ ಹಾಳೆ 1,000 ದಾಟದಿದ್ದರೆ, ಒಪ್ಪಂದ ಮುಗಿಸಿಕೊಂಡು ಬೇರೆ ಕ್ಲಬ್ ಹುಡುಕಲಿ. ಆಗ ಅವನಿಗೆ 20, ಸೆಂಟರ್‌ಬ್ಯಾಕ್‌ಗೆ ಇನ್ನೂ ಚಿಕ್ಕ ವಯಸ್ಸೇ.